ಹದಿನೇಳನೆಯ ರೀಲಿನ ಮೂರನೆಯ ಸಾಲು

೨೦೦೯ರ ಮಾರ್ಚ್ ೧೨, ಗುರುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ನಿವೃತ್ತ ಮೇಷ್ಟ್ರು ಊರ ಸಭಾಂಗಣದ ಬೀಗ ತೆಗೆದರು. ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಪೊರಕೆ ಹಿಡಿದು ಗುಡಿಸುತ್ತಾ ಉತ್ತರದ ಗೋಡೆಯ ಹತ್ತಿರ ಬಂದವರು ಹಾಗೇ ನಿಂತರು.

ಒಂದು ಮೊಳೆ ಬರಿದಾಗಿತ್ತು.

ಅವರು ಮೊದಲು ನೆಲ ನೋಡಿದರು. ಕಟ್ಟು ಜಾರಿ ಬಿದ್ದಿರಬಹುದು ಎಂದುಕೊಂಡರು. ನೆಲದ ಮೇಲೆ ಗಾಜಿನ ಚೂರೂ ಇರಲಿಲ್ಲ. ಮೊಳೆಯ ಕೆಳಗೆ ಅಂಟಿಸಿದ್ದ ಚೀಟಿ ಮಾತ್ರ ಹಾಗೇ ಇತ್ತು: "ಕುಂಬಾರರ ಹಿರಿಸೊಸೆ, ೧೯೮೭. ಚಿತ್ರ ೧೭/೨೩."

ನಿನ್ನೆ ಸಂಜೆ ಆರು ಗಂಟೆಗೆ ಬೀಗ ಹಾಕುವಾಗ ಗೋಡೆಯ ಮೇಲೆ ನಲವತ್ತೊಂದು ಫೋಟೋಗಳಿದ್ದವು. ಈಗ ನಲವತ್ತು.

ಮೇಷ್ಟ್ರು ಪೊರಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಮನೆಯ ಕಡೆ ಓಡಿದರು. ಅಲ್ಲಿ ಜಗಲಿಯ ಮೇಲೆ ಕ್ಯಾಮೆರಾ ಅಕ್ಕ ಚಹಾ ಕುಡಿಯುತ್ತಿದ್ದರು.

"ಅಕ್ಕಾ, ಒಂದು ಫೋಟೋ ಹೋಗಿದೆ!"

"ಎಲ್ಲಿಗೆ?" ಎಂದರು ಅಕ್ಕ.

"ಎಲ್ಲಿಗೆ ಅಂತ ಹೇಳಿ ಹೋಗಿದ್ರೆ ನಾನ್ಯಾಕೆ ಓಡಿ ಬರ್ತಿದ್ದೆ!"

*

ಕ್ಯಾಮೆರಾ ಅಕ್ಕ ಎಂಬ ಹೆಸರು ಅವರಿಗೆ ಊರು ಕೊಟ್ಟದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ಒಂದು ವರ್ಷ ಪೂರ್ತಿ ಬಸ್ಸಿನಲ್ಲಿ, ಸಿಕ್ಕವರ ಗಾಡಿಯಲ್ಲಿ, ಏನೂ ಸಿಗದಿದ್ದರೆ ನಡೆದು, ಮೂವತ್ತಾರು ಹಳ್ಳಿ ಸುತ್ತಿದ್ದರು. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್ಕು. ಕೆಲಸ ಮಾಡುವವರನ್ನು ಕೆಲಸದ ಜಾಗದಲ್ಲೇ ತೆಗೆಯುವುದು ಅವರ ಪದ್ಧತಿ. ಮೊದಲ ದಿನ ಯಾವ ಊರಲ್ಲೂ ಕ್ಯಾಮೆರಾ ಹೊರತೆಗೆಯುತ್ತಿರಲಿಲ್ಲ. ಸುಮ್ಮನೆ ಕೂತು ಮಾತಾಡುತ್ತಿದ್ದರು. ಎರಡನೆಯ ದಿನ ಜನರೇ, "ಆ ಡಬ್ಬಿ ಬರೀ ಹೊರೋದಕ್ಕಾ?" ಎಂದು ಕೇಳುತ್ತಿದ್ದರು.

ಈಗ ಅರವತ್ತೊಂದನೆಯ ವಯಸ್ಸಿನಲ್ಲಿ ಅವೇ ಊರುಗಳಿಗೆ ಮತ್ತೆ ಹೊರಟಿದ್ದರು. ಹಳೆಯ ಚಿತ್ರಗಳನ್ನು ತೋರಿಸುವುದು, ಬದುಕಿರುವವರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ತೆಗೆಯುವುದು. ಹೀಗೊಂದು ದಿನ ಮರಳಿ ಬರಬೇಕೆಂದು ಅಂದೇ ಅಂದುಕೊಂಡಿದ್ದರಿಂದ ಪ್ರತಿ ಚಿತ್ರಕ್ಕೂ ತಾವು ನಿಂತ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಇದು ಏಳನೆಯ ಊರು. ಹಿಂದಿನ ಆರು ಊರುಗಳಲ್ಲಿ ಜನ ಫೋಟೋ ನೋಡಿ ನಕ್ಕಿದ್ದರು, ಅತ್ತಿದ್ದರು, ಒಬ್ಬರು ಜಗಳ ತೆಗೆದಿದ್ದರು. ಕದ್ದವರು ಇರಲಿಲ್ಲ.

ಒಂದು ಫೋಟೋ ಕಳುವಾದರೆ ಸಾಮಾನ್ಯವಾಗಿ ಇನ್‌ಸ್ಪೆಕ್ಟರ್ ಬರುವುದಿಲ್ಲ. ಆದರೆ ಆ ದಿನ ಎಂಟೂವರೆಗೆ ಪೊಲೀಸ್ ಜೀಪು ಸಭಾಂಗಣದ ಮುಂದೆ ಆಗಲೇ ನಿಂತಿತ್ತು. ಅವರು ಬಂದದ್ದು ಬೇರೆ ಕೆಲಸಕ್ಕೆ.

ಊರಿನ ಆಚೆ ಗುಡ್ಡದ ಬುಡದಲ್ಲಿ ಒಂದು ಮಣ್ಣುಗುಂಡಿ ಇತ್ತು. ಅಲ್ಲಿನ ಜೇಡಿಮಣ್ಣಿನಿಂದ ನಾಲ್ಕು ಕುಂಬಾರ ಮನೆಗಳು ಬದುಕುತ್ತಿದ್ದವು. ಪಕ್ಕದ ಜಮೀನು ಇಟ್ಟಿಗೆ ಗೂಡಿನ ಯಜಮಾನರದು. ಗುಡ್ಡದ ಮೇಲಿನ ದೊಡ್ಡ ಬಂಡೆಯಿಂದ ಕೆಳಗಿನ ಗಡಿಕಲ್ಲಿಗೆ ಎಳೆದ ಗೆರೆಯೇ ಎರಡರ ನಡುವಿನ ಗಡಿ. ಈಗ ಕಲ್ಲು ಇರುವ ಜಾಗದ ಪ್ರಕಾರ ಗುಂಡಿ ಪೂರ್ತಿ ಯಜಮಾನರ ಪಾಲು. ಕಲ್ಲನ್ನು ಸರಿಸಿದ್ದಾರೆ ಎಂದು ಕುಂಬಾರರು ಎರಡು ವರ್ಷದಿಂದ ಕೂಗುತ್ತಿದ್ದರು. ಹಳೆಯ ನಕ್ಷೆಯನ್ನು ಗೆದ್ದಲು ತಿಂದಿತ್ತು. ಮಧ್ಯಾಹ್ನ ಮೂರಕ್ಕೆ ಭೂಮಾಪಕರು ಬಂದು ಇರುವ ಕಲ್ಲನ್ನೇ ನಂಬಿ ಗಡಿ ಹಾಕುವವರಿದ್ದರು. ಗಲಾಟೆ ಆಗಬಾರದೆಂದು ಇನ್‌ಸ್ಪೆಕ್ಟರನ್ನು ಕಳಿಸಿದ್ದರು.

ಇನ್‌ಸ್ಪೆಕ್ಟರ್ ನಲವತ್ತರ ಹೆಂಗಸು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. ಯಾವುದಾದರೂ ಲೆಕ್ಕ ಸರಿಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಇಷ್ಟು ಫೋಟೋ ಇದ್ದಾವೆ. ಇದೊಂದೇ ಯಾಕೆ?" ಎಂದರು ಅವರು, ಬರಿಯ ಮೊಳೆಯನ್ನು ನೋಡುತ್ತಾ.

"ಚೆನ್ನಾಗಿದ್ದಿರ್ಬೇಕು ಮೇಡಂ," ಎಂದರು ಹೆಡ್ ಕಾನ್‌ಸ್ಟೇಬಲ್. ಇಲಾಖೆಯಲ್ಲಿ ಅವರನ್ನು ಎಲ್ಲರೂ ಹೆಡ್ಡಣ್ಣ ಎನ್ನುತ್ತಿದ್ದರು.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಐವತ್ತೈದರ ಹತ್ತಿರದ ವಯಸ್ಸು. ಮೊಣಕೈವರೆಗೆ ಒಣಗಿದ ಮಣ್ಣು. ಊರಿಗೆಲ್ಲ ದೊಡ್ಡಮ್ಮ. ಕಳುವಾದ ಚಿತ್ರದಲ್ಲಿದ್ದ ಹಿರಿಸೊಸೆ ಇವರೇ.

"ನಾನಿನ್ನೂ ನೋಡಿರ್ಲೇ ಇಲ್ಲ ಕಣಮ್ಮ," ಎಂದರು ದೊಡ್ಡಮ್ಮ. "ಹತ್ತು ಗಂಟೆಗೆ ಊರಿಗೆ ತೋರಿಸೋವಾಗ ಎಲ್ಲರ ಜೊತೆ ನೋಡೋಣ ಅಂತಿದ್ದೆ. ಆಗ ನಾನು ಸಣ್ಣಗೆ ಚೆನ್ನಾಗಿದ್ದೆ. ನನ್ನ ಮೊಮ್ಮಕ್ಕಳು ನಂಬಲ್ಲ. ಸಾಕ್ಷಿ ಸಿಕ್ತು ಅಂದ್ರೆ, ಅದನ್ನೂ ಕದ್ದುಬಿಟ್ರು."

"ನಿಮ್ಮ ಮೇಲೆ ಯಾರಿಗಾದ್ರೂ ಕೋಪ?"

"ಮೂರು ಗಂಟೆ ತನಕ ಕಾಯಿರಿ, ಯಾರಿಗೆ ಅಂತ ನೀವೇ ನೋಡ್ತೀರಿ. ಆ ಗುಂಡಿ ಹೋದ್ರೆ ನಾಲ್ಕು ಮನೆ ಮಡಕೆ ತಿಗರಿ ನಿಲ್ಲುತ್ತೆ. ನನ್ನ ಮಗ ಅದೇ ಇಟ್ಟಿಗೆ ಗೂಡಲ್ಲಿ ಮಣ್ಣು ಹೊರೋಕೆ ಹೋಗ್ಬೇಕು. ನಮ್ಮ ಮಣ್ಣು, ಅವರ ಬುಟ್ಟೀಲಿ."

ಇನ್‌ಸ್ಪೆಕ್ಟರ್ ಹಿಂದಿನ ಕಿಟಕಿಯ ಅಗುಳಿಯನ್ನು ಪರೀಕ್ಷಿಸಿದರು. ಅದು ಕೂರುತ್ತಿರಲಿಲ್ಲ.

"ಈ ಅಗುಳಿ ಯಾವಾಗಿನಿಂದ ಹೀಗಿದೆ?"

"ಕಟ್ಟಿದಾಗಿನಿಂದ," ಎಂದರು ಮೇಷ್ಟ್ರು. "ಊರಿಗೆಲ್ಲ ಗೊತ್ತು."

ಅಂದರೆ ಊರಲ್ಲಿ ಯಾರು ಬೇಕಾದರೂ ಒಳಗೆ ಬಂದಿರಬಹುದು. ಆ ದಾರಿ ಅಲ್ಲಿಗೆ ಮುಗಿಯಿತು.

*

"ಇದರ ನೆಗೆಟಿವ್ ಇದೆಯಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

ಅಕ್ಕನ ತಗಡಿನ ಟ್ರಂಕು ಸಭಾಂಗಣದ ಮೂಲೆಯಲ್ಲೇ ಇತ್ತು. ಬೀಗವಿರಲಿಲ್ಲ. ಒಳಗೆ ದಪ್ಪ ಕಡತ. ಒಂದು ರೀಲಿಗೆ ಒಂದು ಹಾಳೆ. ಪ್ರತಿ ಹಾಳೆಯಲ್ಲಿ ಆರು ಉದ್ದನೆಯ ಜೇಬುಗಳು, ಒಂದರ ಕೆಳಗೊಂದು. ಪ್ರತಿ ಜೇಬಿನಲ್ಲಿ ಆರು ಚಿತ್ರಗಳ ಒಂದು ಫಿಲ್ಮ್ ಪಟ್ಟಿ.

ಅಕ್ಕ ಹದಿನೇಳನೆಯ ಹಾಳೆ ತೆಗೆದರು. ಒಂದು ಜೇಬು ಖಾಲಿ ಇತ್ತು.

"ಒಂದು ಪಟ್ಟಿ ಹೋಗಿದೆ."

ಮೇಷ್ಟ್ರು ಅಷ್ಟು ಕೇಳಿದ್ದೇ ತಡ, "ನೆಗೆಟಿವೂ ಹೋಯ್ತು!" ಎನ್ನುತ್ತಾ ಹೊರಗೆ ಹೊರಟರು. ಐದು ನಿಮಿಷದಲ್ಲಿ ಊರಿಗೆ ಸುದ್ದಿ ಮುಟ್ಟಿತು.

ಅಕ್ಕ ಇನ್ನೂ ಹಾಳೆಯನ್ನೇ ನೋಡುತ್ತಿದ್ದರು. "ವಿಚಿತ್ರ ಅಲ್ವಾ ಇದು? ಹೋಗಿರೋದು ಮೂರನೇ ಸಾಲು. ಅದರಲ್ಲಿದ್ದದ್ದು ಹದಿಮೂರರಿಂದ ಹದಿನೆಂಟು. ಇಪ್ಪತ್ತಮೂರು ನಾಲ್ಕನೇ ಸಾಲಲ್ಲಿ ಇಲ್ಲೇ ಇದೆ."

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಈಗ ಅವರಿಗೆ ಕುತೂಹಲ ಕೆರಳಿತು.

"ಗೋಡೆಯಿಂದ ಒಂದು ಚಿತ್ರ. ಟ್ರಂಕಿನಿಂದ ಬೇರೆ ಚಿತ್ರಗಳು. ಸರಿ, ಹದಿಮೂರರಿಂದ ಹದಿನೆಂಟು ಯಾವುವು?"

ಅಕ್ಕ ನೋಟ್‌ಬುಕ್ಕು ತೆರೆದು ಓದಿದರು. "ಹದಿಮೂರರಿಂದ ಹದಿನಾರು: ಕುಂಬಾರರ ಕಿರಿಸೊಸೆ, ಗುಡ್ಡದ ಮುಂದೆ ನಿಂತು. ಹದಿನೇಳು, ಹದಿನೆಂಟು..." ಅವರು ನಕ್ಕುಬಿಟ್ಟರು. "ಮೇಷ್ಟ್ರು. ಸೈಕಲ್ ಸಮೇತ ಮಣ್ಣುಗುಂಡಿಗೆ ಬಿದ್ದದ್ದು."

ಹೆಡ್ಡಣ್ಣ ನಗಲಿಲ್ಲ. ಬಾಗಿಲ ಕಡೆ ನೋಡಿದರು. "ಮೇಡಂ, ಬೀಗದ ಕೈ ಯಾರ ಹತ್ತಿರ ಇರೋದು?"

*

"ಹೌದು, ಕೇಳಿದ್ದೆ," ಎಂದರು ಮೇಷ್ಟ್ರು. ಕಿವಿ ಕೆಂಪಾಗಿತ್ತು. "ಅದನ್ನ ಗೋಡೆಗೆ ಹಾಕ್ಬೇಡಿ ಅಂತ ಅಕ್ಕನ ಕಾಲು ಹಿಡಿಯೋದೊಂದು ಬಾಕಿ. ಮೂವತ್ತೈದು ವರ್ಷ ಈ ಊರಿನ ಮಕ್ಕಳಿಗೆ ನೆಟ್ಟಗೆ ನಿಲ್ಲಿ ಅಂತ ಹೇಳಿದವನು ನಾನು. ಮೂಗಿನ ತನಕ ಕೆಸರಲ್ಲಿ ಕೂತಿರೋದು ನೋಡಿದ್ರೆ ನನ್ನ ಮಾತಿಗೆ ಏನು ಬೆಲೆ?"

"ಅದನ್ನ ಸುಟ್ಟುಬಿಡಿ ಅಂತಲೂ ಅಂದ್ರಂತೆ," ಎಂದರು ಇನ್‌ಸ್ಪೆಕ್ಟರ್.

"ಅಂದೆ. ಅಕ್ಕ, ಸುಡಲ್ಲ, ಗೋಡೆಗೂ ಹಾಕಲ್ಲ ಅಂದ್ರು. ಅಲ್ಲಿಗೆ ಮುಗೀತಲ್ಲ?" ಮೇಷ್ಟ್ರು ಒಮ್ಮೆಲೇ ತಲೆ ಎತ್ತಿದರು. "ಮೇಡಂ, ನನ್ನ ಮಾನ ಉಳಿಸ್ಕೊಳ್ಳೋಕೆ ನಾನು ದೊಡ್ಡಮ್ಮನ ಫೋಟೋ ಯಾಕೆ ಕದೀಲಿ? ಅದೂ ಕದ್ದು, ಬೆಳಗ್ಗೆ ನಾನೇ ಮೊದಲು ಬೊಬ್ಬೆ ಹೊಡೀಲಾ?"

ಇನ್‌ಸ್ಪೆಕ್ಟರ್‌ಗೆ ಅದೇ ಪ್ರಶ್ನೆ. ಮೇಷ್ಟ್ರ ಮಾನ ಕೇವಲ ಟ್ರಂಕಿನ ಪಟ್ಟಿಯನ್ನು ವಿವರಿಸುತ್ತಿತ್ತು. ಗೋಡೆಯ ಚಿತ್ರವನ್ನು ವಿವರಿಸುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ವಿವರಿಸದ ಉತ್ತರ ಉತ್ತರವೇ ಅಲ್ಲ.

ಇಟ್ಟಿಗೆ ಗೂಡಿನ ಯಜಮಾನರು ಕರೆಯದೆಯೇ ಬಂದರು. ದಪ್ಪ ಮನುಷ್ಯ. ಜೋರು ಧ್ವನಿ.

"ಕದ್ದದ್ದು ನಾನೇ ಅಂತ ಆಗಲೇ ಬೀದಿ ತುಂಬಾ ಮಾತು. ಅದಕ್ಕೇ ಬಂದೆ. ಯಾವ ಫೋಟೋ, ಏನು ಕತೆ ಅಂತಾನೂ ಗೊತ್ತಿಲ್ಲ ನಂಗೆ. ನಾನು ಕದಿಯೋದೇ ಆಗಿದ್ರೆ ಒಂದೊಂದು ಆರಿಸ್ಕೊಂಡು ಕೂರ್ತಿದ್ನಾ? ಇಡೀ ಟ್ರಂಕು ಎತ್ಕೊಂಡು ಹೋಗ್ತಿದ್ದೆ."

"ಅದೂ ಸರಿ ಮೇಡಂ," ಎಂದರು ಹೆಡ್ಡಣ್ಣ, ಅವರು ಹೋದ ಮೇಲೆ. "ಗೊತ್ತಿಲ್ಲದವರು ಟ್ರಂಕೇ ಎತ್ತುತ್ತಾರೆ. ಇವನ್ಯಾರೋ ಒಂದೇ ಪಟ್ಟಿ ಎಳೆದಿದ್ದಾನೆ. ಉಳಿದದ್ದು ಒಂಚೂರೂ ಅಲುಗಿಲ್ಲ."

ಇನ್‌ಸ್ಪೆಕ್ಟರ್ ಅವರನ್ನೇ ನೋಡಿದರು. "ಹೆಡ್ಡಣ್ಣ, ಈಗ ನೀವು ಹೇಳಿದ್ದನ್ನ ಇನ್ನೊಂದ್ಸಲ ಹೇಳಿ."

"ಯಾವುದು? ಟ್ರಂಕಾ?"

"ಒಂದೇ ಪಟ್ಟಿ. ಉಳಿದದ್ದು ಅಲುಗಿಲ್ಲ. ಅಂದ್ರೆ ಅವನಿಗೆ ಹುಡುಕಬೇಕಾಗಿ ಬಂದಿಲ್ಲ. ಏನೋ ನೋಡಿ ನೇರ ಕೈ ಹಾಕಿದಾನೆ. ಏನು ನೋಡಿದ?"

*

ಅವರು ಹದಿನೇಳನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಕನ ಭೂತಗನ್ನಡಿ ತೆಗೆದುಕೊಂಡು ಎರಡನೆಯ ಸಾಲಿನ ಕೊನೆ ನೋಡಿದರು. ಆಮೇಲೆ ನಾಲ್ಕನೆಯ ಸಾಲಿನ ಮೊದಲು. ಮತ್ತೆ ಎರಡನೆಯದು.

"ಅಕ್ಕ, ಫಿಲ್ಮಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಂಕಿ ಇದ್ದಾವಲ್ಲ. ಏನಿವು?"

"ಅದು ಕಾರ್ಖಾನೆಯವರು ಅಚ್ಚು ಹಾಕಿರೋದು. ನಾನು ಅದನ್ನ ನೋಡೋದೇ ಇಲ್ಲ."

"ಯಾಕೆ?"

"ನಂದು ಬಿಡಿ ಫಿಲ್ಮ್. ಆಗ ನೂರಡಿ ಉದ್ದದ ಸುರುಳಿ ಒಂದು ಡಬ್ಬಿಯಲ್ಲಿ ಬರ್ತಿತ್ತು. ಅಗ್ಗ. ಕತ್ತಲಲ್ಲಿ ಕೂತು ಬೇಕಾದಷ್ಟು ಕತ್ತರಿಸಿ ನಾನೇ ರೀಲಿಗೆ ಸುತ್ತಿಕೊಳ್ತಿದ್ದೆ. ಕತ್ತರಿ ಎಲ್ಲಿ ಬೀಳುತ್ತೋ ಅಲ್ಲಿಂದ ಆ ಅಂಕಿ ಶುರು. ಒಂದು ರೀಲು ಐದರಿಂದ ಶುರುವಾದ್ರೆ ಇನ್ನೊಂದು ಮೂವತ್ತರಿಂದ. ಅದನ್ನ ನಂಬಿದ್ರೆ ಲೆಕ್ಕ ಕೆಡುತ್ತೆ. ಅದಕ್ಕೇ ಮೊದಲನೇ ಚಿತ್ರದಿಂದ ನಾನೇ ಒಂದು, ಎರಡು ಅಂತ ಎಣಿಸಿ ಬರ್ಕೊಳ್ತಿದ್ದೆ."

"ಅಂಗಡಿಯಲ್ಲಿ ಸಿಗೋ ಸಾಮಾನ್ಯ ರೀಲಿನಲ್ಲಿ?"

"ಅದರಲ್ಲಿ ಎರಡೂ ಒಂದೇ. ಅಂಚಿನಲ್ಲಿ ಇಪ್ಪತ್ತಮೂರು ಅಂದ್ರೆ ಇಪ್ಪತ್ತಮೂರನೇ ಚಿತ್ರ."

ಇನ್‌ಸ್ಪೆಕ್ಟರ್ ಕಾಗದದ ಮೇಲೆ ಬರೆದರು. ಈ ರೀಲಿನ ಮೊದಲ ಚಿತ್ರದ ಅಂಚಿನಲ್ಲಿ ಒಂಬತ್ತು. ಎರಡನೆಯ ಸಾಲು ಮುಗಿಯುವುದು ಇಪ್ಪತ್ತಕ್ಕೆ. ನಾಲ್ಕನೆಯ ಸಾಲು ಶುರುವಾಗುವುದು ಇಪ್ಪತ್ತೇಳಕ್ಕೆ. ಅಂದರೆ ಕಾಣೆಯಾದ ಮೂರನೆಯ ಸಾಲಿನ ಅಂಚಿನಲ್ಲಿದ್ದದ್ದು ಇಪ್ಪತ್ತೊಂದರಿಂದ ಇಪ್ಪತ್ತಾರು.

ಅವರು ಪೆನ್ನು ಕೆಳಗಿಟ್ಟರು.

"ಅವನಿಗೆ ಬೇಕಾಗಿದ್ದದ್ದು ಇಪ್ಪತ್ತಮೂರೇ. ಗೋಡೆಯ ಮೇಲಿನ ಚಿತ್ರದ ನೆಗೆಟಿವೇ. ಚೀಟಿಯಲ್ಲಿ ಹದಿನೇಳು ಓರೆಗೆರೆ ಇಪ್ಪತ್ತಮೂರು ಅಂತ ಇತ್ತು. ಹಾಳೆ ತೆಗೆದ, ಅಂಚು ನೋಡಿದ, ಇಪ್ಪತ್ತಮೂರು ಇರೋ ಪಟ್ಟಿ ಎಳೆದ. ತಪ್ಪು ಪಟ್ಟಿ."

ಅಕ್ಕ ಹಾಳೆಯ ಕಡೆ ಬಗ್ಗಿದರು. "ಹಾಗಾದ್ರೆ ಮೇಷ್ಟ್ರ ಕೆಸರು...?"

"ಪಾಪ, ಅದು ಅದೇ ಪಟ್ಟೀಲಿ ಇದ್ದದ್ದು ಅಷ್ಟೇ. ಈಗ ನಿಜವಾದ ಇಪ್ಪತ್ತಮೂರು ತೋರಿಸಿ."

ನಾಲ್ಕನೆಯ ಸಾಲಿನ ಐದನೆಯ ಚಿತ್ರ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ನೆಗೆಟಿವ್ ಆದ್ದರಿಂದ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಒಬ್ಬ ಹೆಂಗಸು ಸೊಂಟದೆತ್ತರದ ಕಲ್ಲಿಗೆ ಒರಗಿ ನಗುತ್ತಿದ್ದಳು. ಹಿಂದೆ ಗುಡ್ಡ.

"ನೋಟ್‌ಬುಕ್ಕಿನಲ್ಲಿ ಏನಿದೆ?"

"ಇಪ್ಪತ್ತಮೂರು: ಹಿರಿಸೊಸೆ, ಗಡಿಕಲ್ಲಿಗೆ ಒರಗಿ. ನಿಂತ ಜಾಗ ಬಾವಿಕಟ್ಟೆಯ ಬಲಮೂಲೆ. ಇಪ್ಪತ್ತನಾಲ್ಕು: ಅದೇ. ನಿಂತ ಜಾಗ ಮಡಕೆ ಸುಡುವ ಆವಿಗೆಯ ಹೊಸ್ತಿಲು."

ಹೊರಗೆ ಯಾರೋ ಬಾಗಿಲು ತಟ್ಟಿದರು. ಇನ್‌ಸ್ಪೆಕ್ಟರ್ ನಾಲ್ಕನೆಯ ಪಟ್ಟಿಯನ್ನು ಹಾಳೆಯ ಜೇಬಿನಿಂದ ಎಳೆದು ತಮ್ಮ ಡೈರಿಯ ನಡುವೆ ಇಟ್ಟುಕೊಂಡರು.

"ಅಕ್ಕ, ಇದು ನಮ್ಮ ಮೂವರಲ್ಲೇ ಇರಲಿ. ಮತ್ತೆ, ನಿಮ್ಮ ಕನ್ನಡಕ ಒಂದು ಗಂಟೆ ಕಳೆದುಹೋಗಲಿ."

*

ಬಾಗಿಲು ತಟ್ಟಿದವರು ಸ್ಟುಡಿಯೋ ಮಾಮ. ಸಭಾಂಗಣದಿಂದ ಮೂರನೆಯ ಬಾಗಿಲು ಅವರ ಸ್ಟುಡಿಯೋ. ಊರಿನ ಮದುವೆ, ಹೆಸರಿಡುವುದು, ಶಾಲೆಯ ಗುಂಪುಚಿತ್ರ, ಎಲ್ಲವೂ ಅವರ ಕೈಯಲ್ಲೇ ಆಗಿದ್ದವು. ಈಗ ಜನರ ಕೈಗೆ ಮೊಬೈಲು ಬಂದು, ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಕೆಲಸವಿರಲಿಲ್ಲ. ಗೋಡೆಯ ನಲವತ್ತೊಂದು ಚಿತ್ರಗಳಿಗೂ ಚೌಕಟ್ಟು ಹಾಕಿಕೊಟ್ಟವರು ಅವರೇ. ಕೂಲಿ ಬೇಡವೆಂದಿದ್ದರು.

"ಖಾಲಿ ಮೊಳೆ ಚೆನ್ನಾಗಿ ಕಾಣಲ್ಲ ಅಕ್ಕ," ಎಂದರು ಮಾಮ. "ಬೇರೆ ಯಾವುದಾದ್ರೂ ಕೊಡಿ, ಅರ್ಧ ಗಂಟೇಲಿ ಕಟ್ಟು ಹಾಕ್ತೀನಿ."

"ಅದನ್ನೇ ಮಾತಾಡ್ತಿದ್ವಿ," ಎಂದರು ಇನ್‌ಸ್ಪೆಕ್ಟರ್. "ಒಂದು ನಿಮಿಷ ಹೊರಗೆ ಕೂತಿರಿ, ಕರೀತೀನಿ. ಮೇಷ್ಟ್ರನ್ನೂ ಯಜಮಾನರನ್ನೂ ದೊಡ್ಡಮ್ಮನನ್ನೂ ಕರೆಸ್ತಿದೀನಿ."

ಮೇಜಿನ ಮೇಲೆ ಹನ್ನೆರಡನೆಯ ರೀಲಿನ ಹಾಳೆ ಇಟ್ಟರು. ದೊಡ್ಡಮ್ಮನನ್ನು ಬಿಟ್ಟು ಉಳಿದವರಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದರು. ಎಲ್ಲರಿಗೂ ಒಂದೇ ಮಾತು: "ಅಕ್ಕನ ಕನ್ನಡಕ ಕಾಣ್ತಿಲ್ಲ. ಇದರಲ್ಲಿ ಹದಿನಾಲ್ಕನೇ ಚಿತ್ರ ಯಾವುದು, ಸ್ವಲ್ಪ ತೋರಿಸಿ."

ಮೊದಲು ಹೆಡ್ಡಣ್ಣ. ಪ್ರಯೋಗ ಎಂದ ಮೇಲೆ ಫಿಲ್ಮಿನ ಕೆಲಸ ಮಾಡಿಯೇ ಇಲ್ಲದ ಒಬ್ಬರಿಂದ ಶುರು ಮಾಡಬೇಕು. ಅವರು ಮೇಲಿನ ಎಡಮೂಲೆಗೆ ಬೆರಳಿಟ್ಟು ಒಂದು, ಎರಡು ಎಂದು ಎಣಿಸಿ ಮೂರನೆಯ ಸಾಲಿನ ಎರಡನೆಯದನ್ನು ತೋರಿಸಿದರು. ಸರಿಯಾದ ಉತ್ತರ.

ಮೇಷ್ಟ್ರು ಎಣಿಸಲೂ ಇಲ್ಲ. "ಆರೆರಡ್ಲಿ ಹನ್ನೆರಡು, ಮೇಲೆರಡು," ಎಂದು ಅದನ್ನೇ ತೋರಿಸಿದರು.

ಗೂಡಿನ ಯಜಮಾನರು ಎಣಿಸುವಾಗ ಎರಡು ಸಲ ತಪ್ಪಿದರು, ಎರಡು ಸಲ ಬೈದರು. "ಏನು ಸಣ್ಣ ಮಕ್ಕಳ ಪರೀಕ್ಷೆ ಇದು!" ಮೂರನೆಯ ಸಲ ಅವರ ಬೆರಳೂ ಅಲ್ಲಿಗೇ ಬಂತು.

ಕೊನೆಗೆ ಸ್ಟುಡಿಯೋ ಮಾಮ. ಅವರು ಹಾಳೆಯ ಮೂಲೆಗಳನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಕಿಟಕಿಗೆ ಎತ್ತಿದರು. ಬೆರಳಿಟ್ಟು ಎಣಿಸಲಿಲ್ಲ. ಕಣ್ಣು ಫಿಲ್ಮಿನ ಅಂಚಿನ ಮೇಲೆ ಸರಸರ ಓಡಿತು. ನಾಲ್ಕು ಸೆಕೆಂಡು.

"ಇದು," ಎಂದರು. ಎರಡನೆಯ ಸಾಲಿನ ನಾಲ್ಕನೆಯ ಚಿತ್ರ.

ಇನ್‌ಸ್ಪೆಕ್ಟರ್ ಬಾಗಿಲು ತೆರೆದು ಉಳಿದವರನ್ನೂ ಒಳಗೆ ಕರೆದರು.

"ಮಾಮ, ಅದು ಹತ್ತನೇದು," ಎಂದರು ಅಕ್ಕ ಮೆಲ್ಲಗೆ.

"ಇಲ್ಲ ಅಕ್ಕ. ಅಂಚಲ್ಲಿ ನೋಡಿ, ಹದಿನಾಲ್ಕು ಅಂತ ಅಚ್ಚಾಗಿದೆ."

"ಆಗಿದೆ," ಎಂದರು ಇನ್‌ಸ್ಪೆಕ್ಟರ್. "ಹದಿನೇಳನೇ ರೀಲಿನ ಮೂರನೇ ಸಾಲಲ್ಲೂ ಇಪ್ಪತ್ತಮೂರು ಅಂತ ಅಚ್ಚಾಗಿತ್ತು." ಅವರು ಡೈರಿ ತೆರೆದು ನಾಲ್ಕನೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ನಿಮಗೆ ಬೇಕಾಗಿದ್ದದ್ದು ಇದು."

ಮಾಮ ಆ ಪಟ್ಟಿಯನ್ನು ನೋಡಿದರು. ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಅದನ್ನು ಮಡಿಕೆ ಬೀಳದಂತೆ ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕುಸಿದರು.

*

"ಏನು ನಡೀತಿದೆ ಇಲ್ಲಿ?" ಯಜಮಾನರು ಗುಡುಗಿದರು.

"ಹೇಳ್ತೀನಿ, ಕೂತ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್. "ಕಳ್ಳ ಗೋಡೆಯಿಂದ ಇಪ್ಪತ್ತಮೂರನ್ನ ತೆಗೆದ. ಟ್ರಂಕಿನಿಂದ ಬೇರೆ ಪಟ್ಟಿ ತೆಗೆದ. ಒಬ್ಬನೇ ಮನುಷ್ಯ ಎರಡು ಬೇರೆ ಚಿತ್ರ ಯಾಕೆ ಕದ್ದ ಅನ್ನೋದು ನನ್ನ ಗೊಂದಲ. ಅವನು ಎರಡು ಬೇರೆ ಚಿತ್ರ ಕದ್ದಿಲ್ಲ. ಒಂದೇ ಚಿತ್ರವನ್ನ ಎರಡು ಕಡೆಯಿಂದ ಕದಿಯೋಕೆ ಹೋಗಿ, ಎರಡನೇ ಕಡೆ ತಪ್ಪಿದ. ಆ ತಪ್ಪು ಎಲ್ಲರೂ ಮಾಡೋದಲ್ಲ. ಗೊತ್ತಿಲ್ಲದವರು ಬೆರಳಿಟ್ಟು ಎಣಿಸ್ತಾರೆ, ಸರಿಯಾದ ಪಟ್ಟೀನೇ ತಗೊಳ್ತಾರೆ. ಮೂವತ್ತು ವರ್ಷ ಕತ್ತಲೆ ಕೋಣೇಲಿ ಫಿಲ್ಮ್ ತೊಳೆದವರು ಎಣಿಸಲ್ಲ. ಅಂಚು ಓದ್ತಾರೆ. ಅಕ್ಕನ ಫಿಲ್ಮು ಅಂಗಡೀದಲ್ಲ ಅಂತ ಅವರಿಗೆ ಗೊತ್ತಿರಲಿಲ್ಲ. ಈ ಊರಲ್ಲಿ ಅಂಥವರು ಒಬ್ಬರೇ."

"ನೋಡೂ ನೋಡಿದೆ ಮೇಡಂ," ಎಂದರು ಮಾಮ. ತಲೆ ಎತ್ತಲಿಲ್ಲ. "ಸಣ್ಣ ಟಾರ್ಚ್ ಹಿಡಿದು ನೋಡಿದೆ. ಒಬ್ಬ ಹೆಂಗಸು, ಹಿಂದೆ ಗುಡ್ಡ, ಅಂಕಿ ಇಪ್ಪತ್ತಮೂರು. ನೆಗೆಟಿವಲ್ಲಿ ಮುಖ ಕಪ್ಪು, ಕೂದಲು ಬಿಳಿ. ಹಿರಿಸೊಸೆ ಯಾರು, ಕಿರಿಸೊಸೆ ಯಾರು ಅಂತ ತಿಳಿಯಲ್ಲ. ಅಂಕಿ ಸರಿ ಇದೆ ಅಂದ್ಮೇಲೆ ಸರಿ ಅಂದ್ಕೊಂಡೆ."

"ಚಿತ್ರದಲ್ಲಿ ಏನು ಕಂಡಿರಿ, ಕದಿಯೋ ಅಂಥದ್ದು?"

"ಕಟ್ಟು ಹಾಕುವಾಗ ಕಂಡಿದ್ದು. ದೊಡ್ಡಮ್ಮ ಒರಗಿರೋ ಕಲ್ಲು ಗುಡ್ಡದ ಎರಡು ತಲೆ ನಡುವಿನ ಕಣಿವೆಗೆ ಸರಿಯಾಗಿ ಕೆಳಗಿದೆ. ಈಗ ಬಾವಿಕಟ್ಟೆ ಮೇಲೆ ನಿಂತ್ರೆ ಕಲ್ಲು ಅಲ್ಲಿ ಕಾಣಲ್ಲ, ಪಕ್ಕಕ್ಕಿದೆ. ಬೇರೆಯವರು ದೊಡ್ಡಮ್ಮನ ನಗು ನೋಡ್ತಾರೆ. ನನಗೆ ಹಿಂದಿಂದೂ ಕಾಣುತ್ತೆ. ಅಭ್ಯಾಸ."

"ಸರಿಸಿದ್ದು ಯಾರು?"

ಮಾಮ ತಲೆ ಎತ್ತಿದರು. ಅವರ ಕಣ್ಣು ಒಂದು ಕ್ಷಣ ಯಜಮಾನರ ಕಡೆ ಹೋಗಿ ಬಂತು. ಮೇ ತಿಂಗಳಲ್ಲಿ ಮಾಮನ ಮಗಳಿಗೂ ಯಜಮಾನರ ಮಗನಿಗೂ ಮದುವೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಬೀಗರೇ, ಬಾಯಿ ಬಿಗಿ ಇರಲಿ!" ಎಂದರು ಯಜಮಾನರು.

"ಬಿಗಿ ಇಟ್ಟೇ ಎರಡು ವರ್ಷ ಆಯ್ತಲ್ಲ," ಎಂದರು ಮಾಮ. "ಮೇಡಂ, ನಾನು ಕದಿಯೋದು ಇವರಿಗೆ ಗೊತ್ತಿರಲಿಲ್ಲ. ಕಲ್ಲು ಮಾತ್ರ ಇವರೇ ಸರಿಸಿದ್ದು. ಮಣ್ಣು ಅಗೆಯೋ ಯಂತ್ರದಲ್ಲಿ. ಗುಂಡಿ ಸಿಗದಿದ್ರೆ ಗೂಡು ಮುಚ್ಚುತ್ತೆ, ಗೂಡು ಮುಚ್ಚಿದ್ರೆ ಮದುವೆ ಮುರಿಯುತ್ತೆ ಅಂತ ಹೆದರಿದೆ. ಮಗಳ ಮುಖ ನೋಡಿ ಕೈ ಹಾಕಿದೆ."

ದೊಡ್ಡಮ್ಮ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದರು. "ನನ್ನ ಮದುವೆ ಫೋಟೋ ತೆಗೆದವನು ನೀನೇ ಅಲ್ವೇನೋ?"

"ಹೂಂ ದೊಡ್ಡಮ್ಮ."

"ನನ್ನ ಮಗಂದೂ ನೀನೇ."

"ಹೂಂ."

"ಅವನಿಗೂ ಹೊಟ್ಟೆ ಇದೆ ಅಂತ ಆ ಫೋಟೋದಲ್ಲಿ ಕಾಣಲಿಲ್ವಾ? ಹಿಂದಿಂದೆಲ್ಲ ಕಾಣೋನಿಗೆ?"

ಮಾಮ ಕೈಯಿಂದ ಮುಖ ಒರೆಸಿಕೊಂಡರು.

"ಫೋಟೋ ಎಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ಸುಟ್ಟೆ."

"ನೆಗೆಟಿವ್ ಪಟ್ಟಿ?"

"ಸ್ಟುಡಿಯೋದಲ್ಲಿದೆ. ಬೆಣ್ಣೆ ಕಾಗದದಲ್ಲಿ ಸುತ್ತಿ ಪುಸ್ತಕದ ನಡುವೆ ಇಟ್ಟಿದ್ದೀನಿ. ಅದನ್ನ ಸುಡೋಕೆ ಕೈ ಏಳಲಿಲ್ಲ ಮೇಡಂ. ಮೂವತ್ತು ವರ್ಷದಲ್ಲಿ ಒಬ್ಬರದೂ ನೆಗೆಟಿವ್ ಹಾಳು ಮಾಡಿಲ್ಲ ನಾನು."

ಮೇಷ್ಟ್ರು ಸಣ್ಣಗೆ ನಿಟ್ಟುಸಿರು ಬಿಟ್ಟರು. ತಮ್ಮ ಕೆಸರು ಉಳಿದುಕೊಂಡದ್ದಕ್ಕೆ ಸಂತೋಷವೋ ದುಃಖವೋ ಹೇಳುವುದು ಕಷ್ಟವಿತ್ತು.

ಯಜಮಾನರು ಎದ್ದು ನಿಂತರು. "ಇಪ್ಪತ್ತೆರಡು ವರ್ಷದ ಹಳೇ ಫಿಲ್ಮ್ ತುಂಡು, ಉಗುರಷ್ಟು ಚಿತ್ರ. ಇವನು ಏನೋ ಹೆದರಿ ಬಡಬಡಿಸ್ತಾನೆ. ಇದರ ಮೇಲೆ ಕಲ್ಲು ಎಲ್ಲಿತ್ತು ಅಂತ ಹೇಳ್ತೀರಾ?"

"ಒಂದು ಚಿತ್ರದಿಂದ ಆಗಲ್ಲ," ಎಂದರು ಇನ್‌ಸ್ಪೆಕ್ಟರ್. "ಒಂದು ಚಿತ್ರ ಒಂದು ಗೆರೆ ಕೊಡುತ್ತೆ. ಕಲ್ಲು ಆ ಗೆರೆ ಮೇಲೆ ಎಲ್ಲಿ ಬೇಕಾದ್ರೂ ಇರಬಹುದು. ಆದ್ರೆ ಅಕ್ಕ ಎರಡು ಜಾಗದಲ್ಲಿ ನಿಂತು ಎರಡು ಚಿತ್ರ ತೆಗೆದಿದ್ದಾರೆ. ಎರಡು ಗೆರೆ ಒಂದೇ ಕಡೆ ಕೂಡೋದು."

ಅಕ್ಕ ನಿಟ್ಟಿಸಿ ನೋಡಿದರು. "ಆದ್ರೆ ಭೂಮಾಪಕರಿಗೆ ನೆಗೆಟಿವ್ ತೋರಿಸಿದ್ರೆ ಏನು ತಿಳಿಯುತ್ತೆ? ದೊಡ್ಡ ಪ್ರಿಂಟ್ ಬೇಕು. ಪೇಟೆಗೆ ಹೋಗಿ ಬರೋಷ್ಟರಲ್ಲಿ ಸಂಜೆ."

ಬೆಂಚಿನ ಮೇಲಿಂದ ಧ್ವನಿ ಬಂತು. "ನಾನು ಹಾಕ್ಕೊಡ್ತೀನಿ."

ಎಲ್ಲರೂ ತಿರುಗಿದರು.

"ಫೋಟೋ ತೊಳೆಯೋ ಔಷಧಿ ಇದೆ, ಕಾಗದ ಇದೆ," ಎಂದರು ಮಾಮ. "ಎರಡು ಗಂಟೆಗೆ ಮುಂಚೆ ಒಣಗಿಸಿ ಕೊಡ್ತೀನಿ. ಕಾವಲಿಗೆ ಯಾರನ್ನಾದ್ರೂ ಕಳಿಸಿ."

*

ಹೆಡ್ಡಣ್ಣ ಆ ದಿನ ಎರಡು ಗಂಟೆ ಕೆಂಪು ದೀಪದ ಕೆಳಗೆ ಕಾವಲು ಕೂತರು. ಹೊರಗೆ ಬಂದಾಗ ಕಣ್ಣು ಕಿರಿದಾಗಿಸಿಕೊಂಡು, "ಮೇಡಂ, ನೀರಲ್ಲಿ ಬಿಳೀ ಕಾಗದ ಹಾಕಿದ. ಮೊದಲು ಕಲ್ಲು ಬಂತು, ಆಮೇಲೆ ದೊಡ್ಡಮ್ಮ ನಗ್ತಾ ಬಂದ್ರು," ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಅಷ್ಟು ಬೆರಗಿನಿಂದ ಯಾವ ವರದಿಯನ್ನೂ ಒಪ್ಪಿಸಿರಲಿಲ್ಲ.

ಪ್ರಿಂಟ್ ಎರಡೂ ಚೊಕ್ಕವಾಗಿದ್ದವು. ಸುಟ್ಟುಹೋದದ್ದಕ್ಕಿಂತ ಚೆನ್ನಾಗಿವೆ ಎಂದು ಅಕ್ಕ ಒಪ್ಪಿಕೊಂಡರು.

ಮೂರು ಗಂಟೆಗೆ ಭೂಮಾಪಕರು ಬಂದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಎರಡು ಪ್ರಿಂಟುಗಳನ್ನೂ ಐದು ನಿಮಿಷ ನೋಡಿ, "ಹಗ್ಗ ತನ್ನಿ," ಎಂದರು.

ಅಕ್ಕ ಬಾವಿಕಟ್ಟೆಯ ಬಲಮೂಲೆಯಲ್ಲಿ ನಿಂತರು. ಅಲ್ಲಿಂದ ಗುಡ್ಡದ ಕಣಿವೆಯ ಕಡೆಗೆ ಒಂದು ಹಗ್ಗ ಎಳೆದರು. ಆಮೇಲೆ ಕುಂಬಾರರ ಆವಿಗೆಯ ಹೊಸ್ತಿಲಿಗೆ ಹೋದರು. ಎರಡನೆಯ ಚಿತ್ರದಲ್ಲಿ ಕಲ್ಲಿನ ನೇರಕ್ಕೆ ಹಿಂದೆ ಕಾಣುತ್ತಿದ್ದದ್ದು ಗುಡ್ಡದ ಮೇಲಿನ ಇನ್ನೊಂದು ಬಂಡೆಯ, ಒಡೆದ ಬಂಡೆಯ, ಸೀಳು. ಆ ಸೀಳಿನ ಕಡೆಗೆ ಇನ್ನೊಂದು ಹಗ್ಗ. ಎರಡು ಹಗ್ಗಗಳೂ ಹುಲ್ಲಿನ ಮೇಲೆ ಒಂದು ಕಡೆ ಅಡ್ಡ ಹಾದವು. ಅಲ್ಲಿ ಏನೂ ಇರಲಿಲ್ಲ. ಬರೀ ಹುಲ್ಲು.

"ಏನಿದೆ ಅಲ್ಲಿ?" ಯಜಮಾನರು ನಕ್ಕರು. ನಗುವಿಗೆ ಜೀವವಿರಲಿಲ್ಲ.

"ಹಿಂದಿನವರು ಗಡಿಕಲ್ಲು ನೆಡುವಾಗ ಕೆಳಗೆ ಇದ್ದಿಲು ತುಂಬುತ್ತಿದ್ದರು," ಎಂದರು ಭೂಮಾಪಕರು. "ಇದ್ದಿಲು ಕೊಳೆಯಲ್ಲ. ಕಲ್ಲು ಕಿತ್ತವರು ಅದನ್ನು ಕೀಳುವುದಿಲ್ಲ. ಅಗೆಯಿರಿ."

ದೊಡ್ಡಮ್ಮನ ಮಗ ಗುದ್ದಲಿ ಹಿಡಿದ. ಹಗ್ಗ ಕೂಡಿದ ಜಾಗದಿಂದ ಒಂದು ಗೇಣು ಪಕ್ಕಕ್ಕೆ, ಮೊಣಕಾಲಾಳದಲ್ಲಿ ಮಣ್ಣು ಕಪ್ಪಾಯಿತು. ಅವನು ಕೈಹಾಕಿ ಒಂದು ಹಿಡಿ ಎತ್ತಿದ. ಇದ್ದಿಲು.

ಯಜಮಾನರು ಜೀಪಿನ ಕಡೆ ನೋಡಿದರು. ಹೆಡ್ಡಣ್ಣ ಆಗಲೇ ಅದರ ಬಾಗಿಲು ತೆರೆದಿದ್ದರು.

ಭೂಮಾಪಕರು ಇದ್ದಿಲಿನ ನಡುವೆ ಕಬ್ಬಿಣದ ಗೂಟ ಹೊಡೆದು, ಮೇಲಿನ ದೊಡ್ಡ ಬಂಡೆಯಿಂದ ಗೂಟಕ್ಕೆ ಹೊಸ ಗೆರೆ ಎಳೆದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ಸ್ವಾಮಿ, ಗೆರೆ ಏನಾದ್ರೂ ಇರಲಿ. ನನ್ನ ಗುಂಡಿ ಯಾವ ಕಡೆ?"

ಭೂಮಾಪಕರು ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟರು. ದೊಡ್ಡಮ್ಮ ಅದನ್ನು ಗೆರೆಯ ಮೇಲೆ ಒತ್ತಿ ಹಿಡಿದು ಕೂತರು. ಅವರು ಇನ್ನೊಂದು ತುದಿ ಹಿಡಿದು ಗುಂಡಿಯವರೆಗೆ ನಡೆದರು, ಬಗ್ಗಿ ಓದಿದರು, ಮತ್ತೊಮ್ಮೆ ಓದಿದರು, ಪುಸ್ತಕದಲ್ಲಿ ಬರೆದುಕೊಂಡರು.

ಗುಂಡಿಯ ಹತ್ತಿರದ ಅಂಚು ಗಡಿಯಿಂದ ಕುಂಬಾರರ ಕಡೆಗೆ ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್ ಒಳಗಿತ್ತು.